ಇಪ್ಪತ್ತನೆಯ ಪಂದ್ಯ

ಕಚೇರಿಯಲ್ಲಿ ಅವರಿಗೆ ಸೂಜಿ ಮೇಡಂ ಎಂದು ಹೆಸರು ಬಿದ್ದಿತ್ತು. ಎರಡು ಕಡೆಯವರೂ ಸೇರಿ ಮುಚ್ಚಿಟ್ಟದ್ದನ್ನು ಚುಚ್ಚಿ ನೋಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಆಟಗಾರರನ್ನು ಕೊಂಡು ದುಡ್ಡು ಬಾಕಿ ಉಳಿಸಿಕೊಂಡ ಕ್ಲಬ್ಬುಗಳ ಜಗಳ ತೀರ್ಮಾನಿಸುವುದು ಅವರ ಕೆಲಸ. ಫುಟ್‌ಬಾಲ್ ಮಾತ್ರ ಅಷ್ಟಕ್ಕಷ್ಟೇ. ನಿಯಮಗಳನ್ನೆಲ್ಲ ಅಳಿಯನಿಂದ ಹೇಳಿಸಿಕೊಂಡಿದ್ದರು. ಅತ್ತೆಗೆ ಪಾಠ ಹೇಳುವ ಅವಕಾಶವನ್ನು ಯಾವ ಅಳಿಯ ಬಿಟ್ಟಾನು?

ಈ ಸಲದ ಜಗಳ ಚಿಕ್ಕದು, ತಲೆನೋವು ದೊಡ್ಡದು. ಒಂದು ಬಡ ಕ್ಲಬ್ಬು ತನ್ನ ಹುಡುಗನನ್ನು ಶ್ರೀಮಂತ ಕ್ಲಬ್ಬಿಗೆ ಕೊಟ್ಟಿತ್ತು. ಅವನು ಆ ವರ್ಷ ಇಪ್ಪತ್ತು ಪಂದ್ಯ ಆಡಿದರೆ ಕೊನೆಯ ಕಂತು ಕೊಡಬೇಕೆಂದು ಕರಾರು. ಹತ್ತೊಂಬತ್ತು ಆಡಿದವನು ಆಮೇಲಿನ ಹನ್ನೊಂದು ಪಂದ್ಯಗಳಲ್ಲಿ ಬೆಂಚು ಬಿಟ್ಟೇಳಲಿಲ್ಲ.

ಎಡವಟ್ಟಾದದ್ದು ವರ್ಷದ ಕೊನೆಯ ಪಂದ್ಯದಲ್ಲಿ. ನಿವೃತ್ತನಾಗುತ್ತಿದ್ದ ನಾಯಕನನ್ನು ಕೊನೆಯ ನಿಮಿಷದಲ್ಲಿ ಹೊರಗೆ ಕರೆಸಿದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಲೆಂದು ಹಾಗೆ ಕರೆಸುವುದು ಆ ಆಟದ ವಾಡಿಕೆ. ಬದಲಿಗೆ ಯಾರಾದರೂ ಒಳಗೆ ಹೋಗಬೇಕಲ್ಲ? ಸಹಾಯಕ ಕೋಚ್ ಕಣ್ಣೀರಿನ ಭರದಲ್ಲಿ ಕೈಗೆ ಸಿಕ್ಕ ಇವನನ್ನೇ ಎಬ್ಬಿಸಿ ಕಳಿಸಿಬಿಟ್ಟ. ನಾಯಕ ಎಲ್ಲರನ್ನೂ ತಬ್ಬಿಕೊಂಡು ನಿಧಾನವಾಗಿ ಗೆರೆ ದಾಟಿದ. ನಾಲ್ಕು ಸೆಕೆಂಡಿಗೆ ಕೊನೆಯ ಸೀಟಿ. ಆ ನಾಲ್ಕು ಸೆಕೆಂಡಿನಲ್ಲಿ ಇವನು ಮೈದಾನದೊಳಗೆ ಕಾಲಿಟ್ಟಿದ್ದರೆ ಇಪ್ಪತ್ತು, ಇಲ್ಲದಿದ್ದರೆ ಹತ್ತೊಂಬತ್ತೇ. ರೆಫರಿಯ ವರದಿಯಲ್ಲಿ ಸ್ಪಷ್ಟವಿರಲಿಲ್ಲ, ಕ್ಯಾಮೆರಾಗಳೆಲ್ಲ ನಾಯಕನ ಬೆನ್ನು ಹತ್ತಿದ್ದವು. ಮೇಡಂ ಆ ತುಣುಕನ್ನು ಮನೆಯಲ್ಲೂ ಹಾಕಿಕೊಂಡು ನೋಡಿದರು. ಪುಣ್ಯಾತ್ಮನ ಒಂದು ಕಾಲೂ ಕಾಣಲಿಲ್ಲ.

ಬಡ ಕ್ಲಬ್ಬಿನ ಕಾರ್ಯದರ್ಶಿ ನಿವೃತ್ತ ಡ್ರಿಲ್ ಟೀಚರ್. ಹುಡುಗನಿಗೆ ಏಳು ವರ್ಷವಿದ್ದಾಗ ಬೂಟು ಕಟ್ಟಲು ಕಲಿಸಿದವರು. ಕಂತು ಬರದಿದ್ದರೆ ಅವರ ಮೈದಾನ ತಿಂಗಳ ಕೊನೆಗೆ ಗೋದಾಮು ಕಟ್ಟುವವರ ಪಾಲು. ಆದರೂ ಅನ್ನ ಕೊಡುವವರ ಎದುರು ಅವನನ್ನು ಸಾಕ್ಷಿಗೆ ನಿಲ್ಲಿಸುವುದಿಲ್ಲ ಎಂದು ಹಟ ಹಿಡಿದಿದ್ದರು. ಶ್ರೀಮಂತ ಕ್ಲಬ್ಬಿನ ವಕೀಲರೂ ಅವನ ಅಗತ್ಯವಿಲ್ಲ ಎಂದರು. ಇಬ್ಬರೂ ಬೇಡವೆಂದದ್ದೇ ಮೇಡಂಗೆ ಸಾಕಾಯಿತು. ತಾವೇ ಕರೆಸಿದರು.

ಉದ್ದ ಮೇಜಿನ ಕೆಳಗೆ ಹುಡುಗನ ಮೊಣಕಾಲು ಹಿಡಿಸಲಿಲ್ಲ, ಓರೆಯಾಗಿ ಕೂತ. ಟೀಚರ್ ಕಡೆ ತಪ್ಪಿಯೂ ನೋಡಲಿಲ್ಲ. ಒಳಗೆ ಕಾಲಿಟ್ಟೆಯಾ ಎಂದು ಮೇಡಂ ಕೇಳಿದರು.

"ಇಲ್ಲ ಮೇಡಂ. ಇಡ್ಲಿಲ್ಲ."

ವಕೀಲರು ಫೈಲು ಮುಚ್ಚಿದರು. ಟೀಚರ್ ತಲೆ ತಗ್ಗಿಸಿದರು. ಮೇಡಂ ಅಲ್ಲಿಗೆ ಮುಗಿಸಬಹುದಿತ್ತು, ಆದರೆ ಚುಚ್ಚಿ ನೋಡುವ ಚಾಳಿ ಬಿಡಲಿಲ್ಲ. ಹನ್ನೊಂದು ಪಂದ್ಯ ಬೆಂಚಿನಲ್ಲಿ ಕೊಳೆತವನು ಗೆರೆಯ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಾನೆಯೇ?

"ದಾರಿ ಖಾಲಿ ಇತ್ತಲ್ಲಪ್ಪ, ಯಾಕೆ ಹೋಗ್ಲಿಲ್ಲ?"

"ಹೋಗ್ತಾನೇ ಇದ್ದೆ. ಹಿಂದಿನಿಂದ ಅಂಗಿ ಹಿಡಿದು ಎಳೆದ್ರು. ಅಲ್ಲಿ ಕೂತಿದಾರಲ್ಲ, ಅವರು."

ಅವನು ತೋರಿಸಿದ್ದು ವಕೀಲರ ಪಕ್ಕದ ಬೋಳುತಲೆಯನ್ನು. ಆತ ಕೋಚ್ ಅಲ್ಲ, ಕ್ಲಬ್ಬಿನ ಲೆಕ್ಕಪತ್ರದ ಮುಖ್ಯಸ್ಥ. ಲೆಕ್ಕದವರಿಗೆ ಗೆರೆಯ ಹತ್ತಿರ ಏನು ಕೆಲಸವಿತ್ತು ಎಂದು ಮೇಡಂ ಬಹಳ ಮೃದುವಾಗಿ ವಿಚಾರಿಸಿದರು. ಬೀಳ್ಕೊಡುಗೆ ಹತ್ತಿರದಿಂದ ನೋಡೋಣವೆಂದು ಗ್ಯಾಲರಿಯಿಂದ ಇಳಿದು ಬಂದೆ ಎಂದು ಆತ ತೊದಲಿದ. ವಕೀಲರು ನೀರು ಕುಡಿದರು.

ಷರತ್ತು ಈಡೇರದಂತೆ ತಡೆದವನಿಗೆ ಅದರ ಲಾಭ ಸಿಗುವುದಿಲ್ಲ, ಷರತ್ತು ಈಡೇರಿದಂತೆಯೇ ಲೆಕ್ಕ ಎಂದು ಕಾನೂನು. ಮೇಡಂ ಅದನ್ನು ನೂರು ಸಲ ಓದಿದ್ದರು, ಅಂಗಿ ಹಿಡಿದೆಳೆದು ತಡೆದವನನ್ನು ಕಂಡದ್ದು ಇದೇ ಮೊದಲು. ಆ ಕಾನೂನನ್ನು ಜೋರಾಗಿ ಓದಿ, ಇಬ್ಬರ ವಾದವನ್ನೂ ಕೇಳುವುದಾಗಿ ಹೇಳಿದರು. ವಕೀಲರು ಮುಚ್ಚಿದ ಫೈಲನ್ನು ಚೀಲಕ್ಕೆ ಹಾಕಿಕೊಂಡರು. ಮೈದಾನ ಉಳಿಯಿತೆಂದು ಟೀಚರ್‌ಗೂ ಗೊತ್ತಾಯಿತು, ಬೋಳುತಲೆಗೂ ಗೊತ್ತಾಯಿತು.

ಅರ್ಥವಾಗದವನು ಹುಡುಗನೊಬ್ಬನೇ. ಕ್ಲಬ್ಬುಗಳ ಕರಾರನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಯಾವ ಷರತ್ತು ಎಂದು ಕೇಳಿದ. ಮೇಡಂ ಇಪ್ಪತ್ತು ಪಂದ್ಯದ ವಿಷಯ ಬಿಡಿಸಿ ಹೇಳಿದರು. ಅವನು ಬೆರಳು ಮಡಚಿ ಏನೋ ಎಣಿಸಿಕೊಂಡ. ಆಮೇಲೆ ಮೊದಲ ಸಲ ಟೀಚರ್ ಕಡೆ ತಿರುಗಿದ.

"ಹಾಗಾದ್ರೆ ನನ್ನ ಕೂರಿಸಿದ್ದು ಆಟ ಕೆಟ್ಟಿದ್ದಕ್ಕಲ್ವಾ ಟೀಚರ್?"