ಅರ್ಧ ಬಣ್ಣದ ಆಮೆ

ಗಡಿಯಾರ ರಿಪೇರಿಯವನ ಒಂಬತ್ತು ವರ್ಷದ ಮಗಳು ಭಾನುವಾರ ಹತ್ತಕ್ಕೆ ಬಂದು ಹನ್ನೆರಡಕ್ಕೆ ಹೋಗುತ್ತಿದ್ದಳು. ಗಂಡ ಹೆಂಡತಿ ಬೇರೆಯಾದಾಗ ಆದ ಒಪ್ಪಂದ ಅದು. ಆರು ದಿನ ಊರವರ ನಿಂತ ಗಡಿಯಾರಗಳನ್ನೆಲ್ಲ ಓಡಿಸುವುದು, ಏಳನೆಯ ದಿನ ತನ್ನದೊಂದು ನಿಲ್ಲಬಾರದೇ ಎಂದುಕೊಳ್ಳುವುದು, ಇದಿಷ್ಟು ಅವನ ಬದುಕಿನ ಕಾರ್ಯಕ್ರಮ.

ಈ ಸಲ ಅವಳಮ್ಮ ಫೋನಿನಲ್ಲಿ ಹೇಳಿದ್ದಳು: “ಈ ಭಾನುವಾರ ಬಿಟ್ಟು ಮುಂದಿನದರಿಂದ ಬೆಳಿಗ್ಗೆ ಹತ್ತಕ್ಕೆ ಈಜಿನ ಕ್ಲಾಸು. ಸೇರೋದು ಬಿಡೋದು ಅವಳಿಗೇ ಬಿಟ್ಟಿದೀನಿ. ನೀವು ತಲೆ ತಿನ್ನಬೇಡಿ.”

ಈಜುಕೊಳದ ಎದುರು ತನ್ನ ಹತ್ತಿರ ಏನಿದೆ ಎಂದು ಅವನು ಕೋಣೆಯಲ್ಲಿ ಕಣ್ಣಾಡಿಸಿದ. ಒಂದು ಮೇಜು, ಎರಡು ಕುರ್ಚಿ, ಅವಳು ಬಿಟ್ಟುಹೋಗಿದ್ದ ಬಣ್ಣ ತುಂಬುವ ಪುಸ್ತಕ, ಒಂದು ಡಬ್ಬಿ ಬಣ್ಣದ ಪೆನ್ಸಿಲ್ಲು. ಪುಸ್ತಕದಲ್ಲಿ ಗುಲಾಬಿ ಆನೆಯೊಂದು ಇಸ್ತ್ರಿ ಹೊಡೆದ ಹಾಗೆ ಚಪ್ಪಟೆಯಾಗಿ ನಿಂತಿತ್ತು. ಅದಕ್ಕೆ ಮೈ ತುಂಬಿಸಿಕೊಟ್ಟರೆ ಮಗಳು ಬೆರಗಾಗುತ್ತಾಳೆ ಎಂದು ಹೊಳೆಯಿತು. ವಾರವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೊಟ್ಟೆಯಡಿ, ಕಿವಿಯ ಹಿಂದೆ, ಕಾಲಿನ ಸಂದಿಯಲ್ಲಿ ನೆರಳು ಹಾಕಿದ. ಮಗಳು ಒತ್ತಿ ತೀಡಿದ್ದರಿಂದ ಮೇಣ ಕಟ್ಟಿದ್ದ ಕಾಗದ ಹೊಸ ಬಣ್ಣ ಹಿಡಿಯಲೊಲ್ಲದು, ಅವನೂ ಬಿಡಲೊಲ್ಲ.

ಭಾನುವಾರ ಮಗಳು ಪುಸ್ತಕ ತೆಗೆದು ತುಂಬ ಹೊತ್ತು ನೋಡಿದಳು.

“ನನ್ನಾನೆಗೆ ಯಾರು ಹೊಡೆದಿದ್ದು?”

“ಹೊಡೆದಿಲ್ಲ ಪುಟ್ಟಿ, ಅದು ನೆರಳು.”

“ಏಟು ಬಿದ್ದ ಹಾಗಿದೆ. ನಾನು ಅದನ್ನ ಮುಗಿಸಿಬಿಟ್ಟಿದ್ದೆ ಅಪ್ಪ. ಅದೇನೂ ಕೆಟ್ಟಿರಲಿಲ್ಲ.”

ಇಪ್ಪತ್ತು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಯಿಂದಲೂ ಅವನು ಈ ಮಾತು ಕೇಳಿರಲಿಲ್ಲ. “ತಪ್ಪಾಯ್ತು” ಎಂದ. ಅವಳು ಕಾಲು ಆಡಿಸುತ್ತ ಕೂತಳು. ಅವಳ ಕಣ್ಣು ಗೋಡೆಯ ಗಡಿಯಾರದ ಕಡೆ ಹೋದದ್ದನ್ನು ಅವನು ಗಮನಿಸಿದ. ಹತ್ತೂಕಾಲು.

ಕೊನೆಗೆ ಅವಳೇ, ಕೇಳಿಯೂ ಕೇಳದಂಥ ದನಿಯಲ್ಲಿ, “ನೆರಳು ಹೇಗೆ ಹಾಕೋದು?” ಎಂದಳು.

ಹೊಸ ಹಾಳೆಯಲ್ಲಿ ಆಮೆಯಿತ್ತು.

“ಬೆಳಕು ಎಲ್ಲಿಂದ ಬರ್ತಿದೆ, ಮೊದಲು ಅದನ್ನ ಗೊತ್ತುಮಾಡ್ಕೋ.”

“ಕಿಟಕಿಯಿಂದ.”

“ಹಾಗಾದ್ರೆ ಆ ಕಡೆ ಸ್ವಲ್ಪ ಬಿಳಿ ಬಿಡು. ಒತ್ತಬೇಡ, ಪೆನ್ಸಿಲ್ಲಿಗೆ ನಿದ್ದೆ ಬಂದಿದೆ ಅನ್ನೋ ಹಾಗೆ ಹಿಡ್ಕೋ. ಸಣ್ಣ ಸಣ್ಣ ಸುತ್ತು. ಹಸಿರಿನ ಮೇಲೆ ಇನ್ನೊಂದು ಸಲ ಹಸಿರು. ಆಮೇಲೆ ಅಂಚಿಗೆ ನೇರಳೆ.”

“ಕಪ್ಪು ಹಾಕಿದ್ರೆ ಬೇಗ ಆಗುತ್ತಲ್ಲ?”

“ಆಗುತ್ತೆ” ಎಂದು ಒಪ್ಪಿಕೊಂಡ. “ಬಣ್ಣ ಸತ್ತುಹೋಗುತ್ತೆ, ಅಷ್ಟೇ.”

ಚಿಪ್ಪಿನ ಮೊದಲ ಮನೆ ಉಬ್ಬಿ ನಿಂತಾಗ ಅವಳು ಬೆರಳಿಂದ ಮುಟ್ಟಿ ನೋಡಿದಳು. ಕಾಗದ ಚಪ್ಪಟೆಯಾಗಿಯೇ ಇತ್ತು. “ಮೋಸ” ಎಂದು ನಕ್ಕಳು. ಚಿಪ್ಪಿನಲ್ಲಿ ಹದಿಮೂರು ಮನೆಗಳು. ನಾಲ್ಕು ಮುಗಿಯುವಷ್ಟರಲ್ಲಿ ಕೆಳಗೆ ಅವಳಮ್ಮನ ಕಾರಿನ ಹಾರನ್ ಕೇಳಿತು.

ಈಜಿನ ಮಾತು ಅವನ ನಾಲಿಗೆಯ ತುದಿಗೆ ಬಂತು. ತಲೆ ತಿನ್ನಬಾರದಲ್ಲ, ನುಂಗಿಕೊಂಡ. ಅವಳು ಚಪ್ಪಲಿ ಮೆಟ್ಟಿ ಬಾಗಿಲತನಕ ಹೋದವಳು ತಿರುಗಿ ಬಂದು, ನೇರಳೆ ಪೆನ್ಸಿಲ್ ಆರಿಸಿ ಚೀಲಕ್ಕೆ ಹಾಕಿಕೊಂಡಳು.

“ಅದ್ಯಾಕೆ?”

“ನೀನು ಸುಮ್ನಿರಲ್ಲ. ಉಳಿದಿದ್ದು ನಾನು ಬಂದ ಮೇಲೆ.”

“ಯಾವಾಗ?”

“ಒಂದು ವಾರ ಈಜು, ಒಂದು ವಾರ ಆಮೆ. ಅಮ್ಮಂಗೆ ನಾನು ಹೇಳ್ತೀನಿ.”

ಅಂದರೆ ಹದಿನಾಲ್ಕು ದಿನ. ಮಂಗಳವಾರ ಅಂಗಡಿ ಮುಚ್ಚಿ ಬಂದವನೇ ಅವನು ಪುಸ್ತಕ ತೆರೆದ. ಒಂಬತ್ತು ಮನೆಗಳು ಬಿಳಿಯಾಗಿದ್ದವು. ಕೈಗಳೆರಡನ್ನೂ ತೊಡೆಯಡಿ ಸಿಕ್ಕಿಸಿಕೊಂಡು, ಆ ಬಿಳಿ ಮನೆಗಳನ್ನೇ ನೋಡುತ್ತ ಕೂತ.