ಮೀನು ಒಣಗದ ಜಾಗ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರು ನಾವುಂದದಲ್ಲಿ ಈ ಕಥೆ ಹೇಳುವವರೆಲ್ಲ ಶುರು ಮಾಡುವುದೇ ಅಲ್ಲಿಂದ. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ನನ್ನ ಹೆಸರು ಹರಿಣಾಕ್ಷಿ. ಮೂವತ್ತು ವರ್ಷದಿಂದ ಕಡಲ ದಂಡೆಯಲ್ಲಿ ಮೀನು ಒಣಗಿಸಿ ಮಾರುವವಳು. ನನ್ನ ಅಣ್ಣ ಚಂದಯ್ಯನಿಗೆ ಒಬ್ಬನೇ ಮಗ, ಜಿತೇಂದ್ರ. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಅವನಿಗೆ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ನಾನೇ. ಹದಿನೆಂಟು ತುಂಬಿದ ಕೂಡಲೇ ಅಣ್ಣ ಅವನನ್ನು ಮುಂಬೈಯಲ್ಲಿದ್ದ ಪರಿಚಯದವರ ಕ್ಯಾಂಟೀನಿಗೆ ಕಳಿಸಿದ. ಒಂಬತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತು ಬೆಂದ ಹುಡುಗ, 2009ರ ಏಪ್ರಿಲಿನಲ್ಲಿ ಆರು ಟೆಂಟು ಹೊತ್ತುಕೊಂಡು ಊರಿಗೆ ಬಂದ. ರಜೆಯಲ್ಲಿ ಗೆಳೆಯರ ಜೊತೆ ಯಾವುದೋ ಬೆಟ್ಟದ ಮೇಲೆ ಟೆಂಟು ಹಾಕಿ ಮಲಗಿದ್ದನಂತೆ, ಅಲ್ಲಿಂದ ತಲೆಗೆ ಹತ್ತಿದ ಹುಚ್ಚು.

"ಬೆಟ್ಟ ಕಾಂಬುಕೇ ಜನ ಹಾಂಗ್ ಬತ್ರ್ ಅತ್ತೆ. ನಮ್ಮಲ್ಲಿ ಕಡಲೇ ಇತ್ತಲೆ, ಬಪ್ಪುದಿಲ್ಯಾ?" ಅಂದ.

ನನಗೆ ಟೆಂಟಿನ ತಲೆಬುಡ ಗೊತ್ತಿರಲಿಲ್ಲ. ಹುಡುಗ ಊರಲ್ಲಿ ಉಳಿಯುತ್ತಾನಲ್ಲ, ಅಷ್ಟು ಸಾಕಾಗಿತ್ತು. ಆದರೆ ಮಗ ಮುಂಬೈ ಬಿಟ್ಟು ಬಂದದ್ದು ಅಣ್ಣನಿಗೆ ಹಿಡಿಸಲಿಲ್ಲ, ಅಣ್ಣನ ಮಾತು ಕಲ್ಲಿನ ಮೇಲೆ ಗೀಚಿದ ಹಾಗೆ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿಯೇಬಿಟ್ಟ: "ಒಂದ್ ಸಲ ಮಾಡಿ ಕಾಣ್. ಬಂದವ್ರ್ ಮೂರ್ ದಿನ ನಿತ್ರೆ ನೀ ಇಲ್ಲೇ ಇರ್, ನಾ ಎಂತದೂ ಹೇಳುದಿಲ್ಲ. ಮಧ್ಯದಗೆ ಎದ್ದ್ ಹೋರೆ, ಮರ್ದಿನದ ಮುಂಬೈ ರೈಲಿಗೆ ನೀನೂ ಹೋಯ್ಕ್."

ಜಿತೇಂದ್ರ ಒಪ್ಪಿದ. ನಾನು ಒಪ್ಪಲಿಲ್ಲ, ಆದರೆ ನನ್ನನ್ನು ಯಾರು ಕೇಳಿದರು?

ಟೆಂಟು ಹಾಕುವ ದಿನ ನಾನೂ ದಂಡೆಗೆ ಹೋದೆ. ಹೋಗದಿದ್ದರೆ ಎಷ್ಟು ಚೆನ್ನಾಗಿತ್ತು. ಜಿತೇಂದ್ರ ಟೆಂಟುಗಳ ಬಾಗಿಲನ್ನು ಕಡಲಿಗೆ ಮುಖ ಮಾಡಿ ಇಟ್ಟಿದ್ದ. ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ಎದ್ದ ಕೂಡ್ಲೆ ಕಡಲ್ ಕಾಂಬ್ಕಲೆ ಅತ್ತೆ" ಅಂದ.

"ಎಂತ ಕಾಂಬುಕಿತ್ತ್ ಅದ್ರಗೆ? ಕಡ್ಲಿಗೆ ಮುಖ ಮಾಡಿ ಯಾರಾರೂ ಮನೆ ಕಟ್ಟಿರಾ? ನಿನ್ ಅಜ್ಜಯ್ಯ ಕಟ್ಟಿರಾ?"

ನಮ್ಮ ದಂಡೆಯಲ್ಲಿ ಯಾವ ಮನೆ ಬೇಕಾದರೂ ನೋಡಿ, ಕಡಲಿಗೆ ಬೆನ್ನು ಹಾಕಿಯೇ ನಿಂತಿರುತ್ತದೆ. ಮಳೆಗಾಲದಲ್ಲಿ ಪಡುವಣದಿಂದ ಬರುವ ಗಾಳಿಮಳೆಯ ಪೆಟ್ಟು ತಿಂದವರಿಗೆ ಅದರ ಕಾರಣ ಗೊತ್ತು. ಮಳೆ ಶುರುವಾಗುವ ಮೊದಲು ಪಡುಬದಿಗೆ ತೆಂಗಿನ ಗರಿ ಹೆಣೆದ ಮಡಲಿನ ತಟ್ಟಿ ಕಟ್ಟದ ಮನೆಯೇ ಇಲ್ಲ. ಹುಟ್ಟಿದಾಗಿನಿಂದ ಕಂಡದ್ದು ಇದೇ, ಹಾಗಾಗಿ ಟೆಂಟಿಗೂ ಅದೇ ಸರಿ ಅಂತ ತೀರ್ಮಾನ ಮಾಡಿದೆ. ಆರು ಟೆಂಟನ್ನೂ ಮೂಡಣಕ್ಕೆ ತಿರುಗಿಸಿದೆ. ಹಿಂಬದಿಯ ಬಲೆಯ ಕಿಟಕಿಯ ಜಿಪ್ಪು ಎಳೆಸಿದೆ. ಅದರ ಮೇಲೆ ನೀಲಿ ಟಾರ್ಪಾಲು ಬಿಗಿಯಾಗಿ ಕಟ್ಟಿಸಿದೆ. ಮಳೆಗೆ ಇನ್ನೂ ಒಂದೂವರೆ ತಿಂಗಳು ಇತ್ತು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಜಿತೇಂದ್ರ ಒಂದು ಮಾತೂ ಆಡಲಿಲ್ಲ. ನನಗೆ ಎದುರು ಮಾತಾಡುವ ಅಭ್ಯಾಸ ಅವನಿಗಿಲ್ಲ. ಅವನ ಮೌನವನ್ನು ನಾನು ನನ್ನ ಬುದ್ಧಿವಂತಿಕೆ ಅಂತ ತಿಳಿದುಕೊಂಡೆ.

ಬಂದವರು ಹಾಲಾಡಿಯ ರಾಜೇಂದ್ರ ಮೇಷ್ಟ್ರು, ಅವರ ಹೆಂಡತಿ ಸರೋಜ, ಅಣ್ಣ ತಮ್ಮಂದಿರ ಸಂಸಾರ, ಎಲ್ಲ ಸೇರಿ ಹದಿನೈದು ಜನ. ಮೇಷ್ಟ್ರು ವಿಜ್ಞಾನ ಹೇಳಿಕೊಡುವವರು. ಬಟ್ಟೆಬರೆಯ ಜೊತೆ ಶಾಲೆಯ ಥರ್ಮಾಮೀಟರನ್ನೂ ತಂದಿದ್ದರು. ಬಂದವರೇ ಅದನ್ನು ಟೆಂಟಿನ ಒಳಗೆ ನೇತುಹಾಕಿ, ಪುಸ್ತಕದಲ್ಲಿ ಗಂಟೆ ಬರೆದು ಉಷ್ಣಾಂಶ ಬರೆದುಕೊಂಡರು. ಹೆಂಡತಿ ನಗಾಡಿದರು.

ಆ ಸಂಜೆ ಎಲ್ಲ ಚಂದ. ನೀರಾಟ ಆಯಿತು, ಮೀನು ಊಟ ಆಯಿತು. ಮಲಗಿದ ಮೇಲೆ ಮೂಡುಗಾಳಿ ಬಾಗಿಲಲ್ಲಿ ನೆಟ್ಟಗೆ ಒಳಗೆ ನುಗ್ಗಿತು, ಹದಿನೈದೂ ಜನ ಗೊರಕೆ ಹೊಡೆದರು. ಬೆಳಿಗ್ಗೆ ಚಹಾ ಕೊಡುವಾಗ ನಾನು ಜಿತೇಂದ್ರನ ಕಡೆ ನೋಡಿ, ಕಂಡೆಯಾ ಅನ್ನುವ ಹಾಗೆ ಹುಬ್ಬು ಹಾರಿಸಿದೆ.

ಆ ಹುಬ್ಬು ಎಂಟೂವರೆಗೆ ಇಳಿಯಿತು. ತೆಂಗಿನ ತೋಟದ ಮೇಲೆ ಬಂದ ಸೂರ್ಯ ಆರೂ ಬಾಗಿಲಿನಿಂದ ಒಳಗೆ ಹೊಕ್ಕ. ಮೂಡುಗಾಳಿ ನಿಂತುಹೋಯಿತು. ಹತ್ತು ಗಂಟೆಗೆ ಟೆಂಟಿನ ಒಳಗೆ ಕೈ ಇಟ್ಟರೆ ಇಡ್ಲಿ ಬೇಯುವ ಪಾತ್ರೆಯೊಳಗೆ ಇಟ್ಟ ಹಾಗೆ. ಹನ್ನೊಂದಕ್ಕೆ ಪಡುಗಾಳಿ ಎದ್ದಿತು. ಒಳ್ಳೆಯ ಗಾಳಿ, ತಂಪು ಗಾಳಿ. ಅದು ಬಂದು ನಾನು ಕಟ್ಟಿಸಿದ ಟಾರ್ಪಾಲನ್ನು ಪಟಪಟ ಬಡಿಯಿತು, ಒಳಗೆ ಒಂದು ಎಳೆಯೂ ಹೋಗಲಿಲ್ಲ. ಮೇಷ್ಟ್ರು ಥರ್ಮಾಮೀಟರು ಓದಿದರು: ನಲವತ್ತನಾಲ್ಕು.

ಸೂಟ್‌ಕೇಸ್ ತೆಗೆಯಲು ಟೆಂಟಿನೊಳಗೆ ಹೋದ ಸರೋಜಮ್ಮ ಹೊರಗೆ ಬರುವಾಗ ತಲೆ ತಿರುಗಿ ಮೊಣಕಾಲೂರಿ ಕೂತುಬಿಟ್ಟರು. ನನ್ನ ನೆರೆಮನೆಯ ಪದ್ದು ಓಡಿ ಬಂದು ಹಿಡಿದುಕೊಂಡಳು. ಇಬ್ಬರೂ ಸೇರಿ ಅವರನ್ನು ದೋಣಿಯ ಚಪ್ಪರಕ್ಕೆ ಕರೆದುಕೊಂಡು ಹೋಗಿ ಮಲಗಿಸಿದೆವು. ಮುಖಕ್ಕೆ ನೀರು ಹಾಕಿದೆವು, ಎಳನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡರು. ಆದರೆ ಮೇಷ್ಟ್ರು ಆಗಲೇ ತಮ್ಮನ್ನು ಕರೆತಂದಿದ್ದ ವ್ಯಾನಿನ ಐತನಿಗೆ ಫೋನ್ ಮಾಡಿ, ನಾಲ್ಕು ಗಂಟೆಗೆ ಬಾ, ಹೊರಡುತ್ತೇವೆ ಅಂದಾಗಿತ್ತು.

ಅಷ್ಟರಲ್ಲಿ ಅಣ್ಣನೂ ಬಂದ. ಸುದ್ದಿ ಅವನಿಗೆ ಯಾರು ಮುಟ್ಟಿಸಿದರೋ. ದೋಣಿಯ ಅಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ನನಗೆ ರೈಲಿನ ಸದ್ದು ಕಿವಿಯಲ್ಲೇ ಕೇಳಿದ ಹಾಗಾಯಿತು.

ಮೇಷ್ಟ್ರು ಟೆಂಟುಗಳ ಸುತ್ತ ಒಂದು ಸುತ್ತು ಬಂದು ಜಿತೇಂದ್ರನ ಮುಂದೆ ನಿಂತರು. "ಗಾಳಿ ಬಪ್ಪ ಬದಿ ಮುಚ್ಚಿ, ಬಿಸ್ಲ್ ಬಪ್ಪ ಬದಿ ಬಾಗ್ಲ್ ಇಟ್ಟಿರಲೆ. ಇದ್ ಯಾರ್ ಬುದ್ಧಿ ಮಾರಾಯ?"

ಜಿತೇಂದ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಂದೇ ತಪ್ಪ್ ಮೇಷ್ಟ್ರೆ. ನಂಗ್ ಅಂದಾಜ್ ಆಯ್ಲಿಲ್ಲ" ಅಂದ.

ಆ ಕ್ಷಣ ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? ಅವನು ನನಗೆ ಎರಡು ಬೈದಿದ್ದರೆ ನಾನು ನಾಲ್ಕು ಬೈದು ಸಮ ಮಾಡುತ್ತಿದ್ದೆ. ನನ್ನ ಹಟಕ್ಕೆ ಅವನ ಬದುಕು ಹೋಗುತ್ತಿತ್ತು, ಅವನು ನನ್ನ ಮರ್ಯಾದೆ ಕಾಯುತ್ತಿದ್ದ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಅವ್ನ್ ಸುಳ್ಳ್ ಹೇಳುದ್ ಮೇಷ್ಟ್ರೆ. ಬಾಗ್ಲ್ ತಿರ್ಗ್ಸಿದ್ದ್ ನಾನ್, ಟಾರ್ಪಾಲ್ ಕಟ್ಸಿದ್ದೂ ನಾನ್. ಹೆಂಗೂ ವ್ಯಾನ್ ಬಪ್ಪುದ್ ನಾಲ್ಕ್ ಗಂಟಿಗೆ. ಅಲ್ಲಿ ತನ್ಕ ನಂಗೆ ಬಿಡಿ."

ಮೇಷ್ಟ್ರು ಗಡಿಯಾರ ನೋಡಿಕೊಂಡು, "ಆಯ್ತ್, ಕಾಂಬ" ಅಂದರು. ಅಣ್ಣ ದೋಣಿಯ ಮೇಲಿನಿಂದ ಒಂದು ಸಲ ಕೆಮ್ಮಿದ.

ಜಿತೇಂದ್ರ ಟೆಂಟುಗಳನ್ನು ಇದ್ದಲ್ಲೇ ತಿರುಗಿಸಲು ಹೊರಟ. ನಾನು ತಡೆದೆ. ನೆತ್ತಿಯ ಮೇಲೆ ಬಿಸಿಲು, ಕೆಳಗೆ ಕಾದ ಮರಳು, ಬರೀ ತಿರುಗಿಸಿದರೆ ಆಗುವ ಕೆಲಸವಲ್ಲ. ಬೇರೆ ಜಾಗ ಬೇಕು. ಮೂವತ್ತು ವರ್ಷ ಈ ದಂಡೆಯಲ್ಲಿ ಬಿಸಿಲು ಹುಡುಕಿದವಳು ನಾನು. ಎಲ್ಲಿ ಬಿಸಿಲಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತೆಂಕು ಬದಿಯಲ್ಲಿ, ತೋಡಿನ ನೀರು ಹರಿದು ಕಡಲಿಗೆ ಸೇರುವಲ್ಲಿ, ಎರಡು ದೊಡ್ಡ ಹೊನ್ನೆ ಮರಗಳಿವೆ. ಒಂದು ವರ್ಷ ಜಾಗ ಸಾಲದೆ ಅಲ್ಲಿ ಎರಡು ಬುಟ್ಟಿ ಬಂಗುಡೆ ಹರವಿದ್ದೆ. ನಾಲ್ಕು ದಿನವಾದರೂ ಒಣಗಲಿಲ್ಲ. ಮೇಲೆ ನೆರಳು, ಕೆಳಗೆ ತೋಡಿನ ಪಸೆಯಿಂದ ಮರಳು ಸದಾ ತಣ್ಣಗೆ. ಮೀನೆಲ್ಲ ಹಾಳಾಯಿತು, ಆ ಜಾಗಕ್ಕೆ ಶಾಪ ಹಾಕಿ ಬಂದವಳು ಮತ್ತೆ ಆ ಕಡೆ ಬುಟ್ಟಿ ಇಳಿಸಿಲ್ಲ.

"ಮೀನ್ ಒಣ್ಗದ್ ಇದ್ದಲ್ಲಿ ಮನ್ಶ್ರೂ ಒಣ್ಗುದಿಲ್ಲ. ಹೊರ್ಸ್ ಎಲ್ಲ ಅಲ್ಲಿಗೆ" ಅಂದೆ.

ಐದು ಟೆಂಟು ಹೊತ್ತುಕೊಂಡು ಹೋದೆವು, ಆರನೆಯದು ಹೊರಲು ಪುರುಸೊತ್ತಾಗದೆ ಅಲ್ಲೇ ಉಳಿಯಿತು. ಮೇಲಿನ ಒಣ ಮರಳನ್ನು ಒಂದು ಗೇಣು ಕೆರೆದು ತೆಗೆದೆವು, ಕೆಳಗೆ ತಣ್ಣನೆಯ ಪಸೆ ಮರಳು ಸಿಕ್ಕಿತು. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಟೆಂಟು. ಬಾಗಿಲು ಕಡಲಿಗೆ, ಹಿಂದಿನ ಕಿಟಕಿ ಪೂರ್ತಿ ಬಿಚ್ಚಿ, ಗಾಳಿ ಇತ್ತ ಬಂದು ಅತ್ತ ಹೋಗುವ ಹಾಗೆ. ಪದ್ದು ಮಳೆಗಾಲಕ್ಕೆಂದು ಹೆಣೆದಿಟ್ಟ ತೆಂಗಿನ ಮಡಲುಗಳನ್ನು ಹೊತ್ತು ತಂದಳು. ತಂದವಳು ಸುಮ್ಮನಿರಬೇಕಲ್ಲ.

"ಕಡ್ಲಿಗೆ ಮುಖ ಮಾಡ್ರೆ ಅಜ್ಜಯ್ಯ ಬೈತಿಲ್ಯಾ ಹರಿಣಾಕ್ಷಿಯಕ್ಕ?"

"ಮೊದ್ಲ್ ಮಡ್ಲ್ ಕೊಡ್. ಆಮೇಲ್ ನಗಾಡ್" ಅಂದೆ. ಇಬ್ಬರೂ ನಕ್ಕೆವು. ನಗದೆ ಏನು ಮಾಡುವುದು?

ಟೆಂಟಿನ ತಲೆಗೆ ತಾಗದ ಹಾಗೆ, ಒಂದು ಮೊಳ ಸಂದು ಬಿಟ್ಟು, ಮೇಲೆ ಮಡಲಿನ ಚಪ್ಪರ ಹಾಕಬೇಕು. ಮೀನಿನ ಕೊಟ್ಟಿಗೆಗೆ ಸೂರು ಹೊದಿಸಿ ನನಗೆ ಅಭ್ಯಾಸ, ಸೂರು ಮೈಗೆ ಹತ್ತಿರವಾದರೆ ಕಾವು ಕೆಳಗಿಳಿಯುತ್ತದೆ. ಆದರೆ ಅಲ್ಲೇ ಕೆಲಸ ಕೆಟ್ಟಿತು. ಪಡುಗಾಳಿ ಈಗ ಜೋರಾಗಿತ್ತು. ಜಿತೇಂದ್ರ ಗೂಟ ಹೊಡೆದು ಹಗ್ಗ ಕಟ್ಟುವುದು, ಗಾಳಿ ಗೂಟ ಕಿತ್ತು ಮಡಲನ್ನು ಹಾರಿಸುವುದು. ಎರಡು ಸಲ ಬಿದ್ದಿತು. ಮೂರನೇ ಸಲ ಕಂಬವೇ ಮಗುಚಿತು. ಗಂಟೆ ಎರಡೂವರೆ. ಹುಡುಗನ ಕೈ ಹಗ್ಗಕ್ಕೆ ಉಜ್ಜಿ ಕೆಂಪಾಗಿತ್ತು. ನನಗೆ ಅಳು ಬಂತು, ಬೈಗುಳವೂ ಬಂತು, ಯಾರಿಗೆ ಬೈಯುವುದು ಅಂತ ತಿಳಿಯಲಿಲ್ಲ.

"ಹಾಂಗಲ್ಲ ಮಾರಾಯ!"

ತಿರುಗಿ ನೋಡಿದರೆ ಅಣ್ಣ. ನಾವು ಜಾಗ ಬದಲಿಸಿದಾಗ ಅವನೂ ಹಿಂದೆಯೇ ಬಂದು ದೂರದಲ್ಲಿ ಕೂತಿದ್ದ. ನಲವತ್ತು ವರ್ಷ ದೋಣಿ ಕಟ್ಟಿದ ಮನುಷ್ಯ, ಏನು ಬೇಕಾದರೂ ಸಹಿಸಿಯಾನು, ಕೆಟ್ಟ ಗಂಟು ಮಾತ್ರ ಸಹಿಸಲಾರ. ಎಲೆ ಉಗಿದು, ಮುಂಡು ಎತ್ತಿ ಕಟ್ಟಿ ಬಂದೇಬಿಟ್ಟ. "ಮರಳಗೆ ಗೂಟ ನಿಲ್ತಾ? ಚೀಲ ತಾ, ಚೀಲ!" ಗೋಣಿಚೀಲಕ್ಕೆ ಮರಳು ತುಂಬಿ, ಬಾಯಿ ಕಟ್ಟಿ, ಸೊಂಟದಾಳಕ್ಕೆ ಹೂಳಿ, ಅದಕ್ಕೆ ಹಗ್ಗ ಬಿಗಿದ. ಗಾಳಿ ಎಳೆದಷ್ಟೂ ಗಂಟು ಗಟ್ಟಿಯಾಯಿತು. ಮಗನ ಕೈ ಹಿಡಿದು, "ಹೀಂಗ್ ತಕ, ಹೀಂಗ್ ಸುತ್ತ್, ಈಗ ಎಳಿ" ಅಂತ ಕಲಿಸಿದ. ಯಾವುದನ್ನು ಕೆಡಿಸಬೇಕೆಂದು ಕಾದು ಕೂತಿದ್ದನೋ ಅದನ್ನೇ ಕಟ್ಟುತ್ತಿದ್ದೇನೆ ಅನ್ನುವುದು ಅವನಿಗೆ ಮರೆತೇಹೋಗಿತ್ತು. ನೆನಪು ಮಾಡುವುದಕ್ಕೆ ನಾನೇನು ಹುಚ್ಚಿಯೇ? ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಮಡಲು ಎತ್ತಿ ಕೊಟ್ಟೆ.

ಮೂರೂಕಾಲಿಗೆ ಐದೂ ಟೆಂಟು ನಿಂತವು. ಸರೋಜಮ್ಮನಿಗೆ ತಂಗಳ ಗಂಜಿಗೆ ಮಜ್ಜಿಗೆ ಹಾಕಿ, ಒಂದು ತುಂಡು ಮಾವಿನಕಾಯಿ ಉಪ್ಪಿನಕಾಯಿ ಜೊತೆ ಕುಡಿಸಿ ಕರೆತಂದೆ. ಹೆದರಿ ಹೆದರಿ ತಲೆ ಬಗ್ಗಿಸಿ ಒಳಗೆ ಹೋದರು. ಅಂಗೈಯಲ್ಲಿ ಚಾಪೆ ಮುಟ್ಟಿ ನೋಡಿದರು. "ಹೋಯ್, ಇಲ್ಲಿ ತಂಪಿತ್ತಲೆ!" ಅಂದವರು ಮಲಗಿಯೇಬಿಟ್ಟರು.

ಮೇಷ್ಟ್ರು ಥರ್ಮಾಮೀಟರು ನೇತುಹಾಕಿ ಕಾದರು. ಓದಿದರು. ನಂಬಿಕೆ ಬರದೆ ಕನ್ನಡಕ ಒರೆಸಿ ಮತ್ತೆ ಓದಿದರು: ಮೂವತ್ತೆರಡು. ಆಮೇಲೆ ಅವರ ಮೈಯೊಳಗಿನ ಮೇಷ್ಟ್ರು ಎದ್ದರು ನೋಡಿ! ಹಳೆ ಜಾಗದಲ್ಲಿ ಉಳಿದಿದ್ದ ಆರನೇ ಟೆಂಟಿಗೆ ಓಡಿದರು. ಅಲ್ಲಿ ನಲವತ್ತೈದು. "ಅದೇ ಬಟ್ಟೆ, ಅದೇ ಬಿಸ್ಲ್, ಅದೇ ದಂಡೆ! ಹದ್ಮೂರ್ ಡಿಗ್ರಿ!" ಅಂತ ಕೂಗುತ್ತಾ ಬಂದರು. ಅಣ್ಣ ತಮ್ಮಂದಿರನ್ನೆಲ್ಲ ಕರೆದು ಆ ಟೆಂಟಿಗೆ ಒಮ್ಮೆ, ಈ ಟೆಂಟಿಗೆ ಒಮ್ಮೆ ನುಗ್ಗಿಸಿ ಪಾಠ ಮಾಡಿದರು. ಎರಡು ಸುತ್ತು ನಡೆದವರು ತಂಪಿನ ಟೆಂಟಿಗೆ ನುಗ್ಗಿ ಮತ್ತೆ ಹೊರಗೆ ಬರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ರಸ್ತೆಯ ಕಡೆಯಿಂದ ಹಾರ್ನ್ ಕೇಳಿತು. ಜಿತೇಂದ್ರ ಹಾರೆ ಹಿಡಿದು ನಿಂತಲ್ಲೇ ನಿಂತ. ಹೊರಡುವುದು, ಬಿಡುವುದು ಬಂದವರ ಇಷ್ಟ. ನಾವು ಹಿಡಿದು ಕೂರಿಸುವ ಹಾಗಿಲ್ಲ. ಹಾರ್ನ್ ಮತ್ತೆ ಆಯಿತು.

ಟೆಂಟಿನ ಒಳಗಿನಿಂದ ಸರೋಜಮ್ಮನ ನಿದ್ದೆಗಣ್ಣಿನ ಸ್ವರ ಬಂತು: "ಯಾರ್ ಅದ್ ಬಡ್ಕಂಬುದ್? ಮನಿಕಂಬುಕೂ ಬಿಡುದಿಲ್ಯಾ? ಹೋಪುಕ್ ಹೇಳಿ ಅವ್ನಿಗೆ."

ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ, "ಕೇಂತಲೆ? ಹೋಪುಕ್ ಹೇಳಿ" ಅಂದರು.

ನಾನು ಹೊರಟೆ. ನನಗಿಂತ ಮೊದಲು ಅಣ್ಣ ಹೊರಟಿದ್ದ. ಮೈತುಂಬ ಮರಳು, ಹೆಗಲ ಮೇಲೆ ಉಳಿದ ಹಗ್ಗದ ಸುರುಳಿ. ಐತ ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ: "ಎಂತ ಚಂದಯ್ಯಣ್ಣ, ಯಾರೂ ಬಪ್ಪುದಿಲ್ಯಾ? ಫೋನ್ ಮಾಡಿ ಕರೆದ್ರಲೆ?"

"ನೀ ವಾಪಾಸ್ ಹೋಗ್ ಐತ" ಅಂದ ಅಣ್ಣ. ಇಡೀ ದಂಡೆಗೆ ಕೇಳುವ ಸ್ವರ, ಕಡಲ ಮೇಲೆ ಒಂದು ದೋಣಿಯಿಂದ ಇನ್ನೊಂದಕ್ಕೆ ಕೂಗುವ ಸ್ವರ. "ಇದ್ ನನ್ ಮಗನ್ ಜಾಗ. ಇಲ್ಲಿಗೆ ಬಂದವ್ರ್ ಯಾರೂ ಮಧ್ಯದಗೆ ಎದ್ದ್ ಹೋತಿಲ್ಲ!"

ಜಿತೇಂದ್ರನ ಕೈಯಿಂದ ಹಾರೆ ಬಿತ್ತು. ನಾನು ಗೊಳೋ ಅಂತ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತೆ, ಮುಚ್ಚಿಡುವುದು ಏನಿದೆ? ಮೂರು ದಿನಕ್ಕೆಂದು ಬಂದ ಹಾಲಾಡಿಯವರು ಹೋದದ್ದು ಐದನೇ ದಿನ, ಅದೂ ಶಾಲೆಯ ಬೇರೆ ಮೇಷ್ಟ್ರುಗಳಿಗೆ ಜಾಗ ಹಿಡಿಸಿಟ್ಟು. ಜಿತೇಂದ್ರ ಆಮೇಲೆ ಮುಂಬೈ ರೈಲು ಹತ್ತಲಿಲ್ಲ.