ಮೊಣ್ಣಪ್ಪ ಮಾವನ ವಾಷರ್ ಪೊಟ್ಟಣ

ಎರಡು ವರ್ಷ ನಾನು ಮೊಣ್ಣಪ್ಪ ಮಾವನನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವರು ನನಗೆ ನಂಟಸ್ತಿಕೆಯ ಮಾವ ಅಲ್ಲ. ಮೂರ್ನಾಡಿನಲ್ಲಿ ಜೀಪು, ಬೈಕುಗಳ ಮೇಲೆ ಚಿತ್ರ ಬರೆಯುವ ಅವರ ಶೆಡ್ಡಿಗೆ ಹೋದವರೆಲ್ಲ ಹಾಗೆಯೇ ಕರೆಯುವುದು. ಏರ್‌ಬ್ರಷ್ ಕಲಿಯಬೇಕೆಂದು ನಾನು ಹೋದಾಗ ಹೆಂಗಸಿಗೆ ಇದೆಲ್ಲ ಯಾಕೆ ಎಂದು ಅವರು ಕೇಳಲಿಲ್ಲ. ಅಷ್ಟಕ್ಕೇ ಕರಗಿಹೋದೆ. ಪೆನ್ನಿನಷ್ಟೇ ಇರುವ ಬಣ್ಣದ ಗನ್ನನ್ನು ಕೈಗಿಟ್ಟು, "ಗುಂಡಿ ಕೆಳಗೆ ಒತ್ತಿದ್ರೆ ಗಾಳಿ, ಹಿಂದೆ ಎಳೆದ್ರೆ ಬಣ್ಣ. ಗಾಳಿ ಮೊದಲು ಬರ್ಬೇಕು, ಕೊನೆಗೆ ನಿಲ್ಬೇಕು. ಇಷ್ಟೇ ಯಮುನಾ" ಎಂದರು. ಮೂರು ತಿಂಗಳು ಹಳೇ ಪೇಪರಿನ ಮೇಲೆ ಬರೀ ಚುಕ್ಕಿ, ಬರೀ ಗೆರೆ.

ಗನ್ ತೊಳೆಯುವುದನ್ನೂ ಅವರೇ ಹೇಳಿಕೊಟ್ಟರು. "ಕೆಲಸ ಮುಗಿದ ಮೇಲೆ ಇಡೀ ಗನ್ನನ್ನು ಥಿನ್ನರಲ್ಲಿ ಮುಳುಗಿಸಿಡು. ಬೆಳಿಗ್ಗೆ ತೆಗಿ." ನಾನು ಉಪ್ಪಿನಕಾಯಿ ಬಾಟಲಿಗೆ ಥಿನ್ನರ್ ಸುರಿದು ದಿನವೂ ತಪ್ಪದೆ ಮುಳುಗಿಸಿದೆ. ಆದರೂ ಹದಿನೈದು ದಿನಕ್ಕೊಮ್ಮೆ ನನ್ನ ಗನ್ ಕೈಕೊಡುತ್ತಿತ್ತು. ಗುಂಡಿಯ ಬುಡದಲ್ಲಿ ಬಣ್ಣ ಸೋರುವುದು, ಮೂತಿಯಿಂದ ಉಗುಳುವುದು. ಮಾವ ಅದನ್ನು ಒಳಗೆ ಒಯ್ದು, ಸಾಸಿವೆಗಿಂತ ಸ್ವಲ್ಪ ದೊಡ್ಡ ರಬ್ಬರ್ ವಾಷರ್ ಬದಲಿಸಿ ತರುತ್ತಿದ್ದರು. ದುಡ್ಡು ಕೊಡಹೋದರೆ ಬೇಡವೆನ್ನುತ್ತಿದ್ದರು. "ನಿನ್ನ ಕೈ ಭಾರ ಮಾರಾಯ್ತಿ. ಅಷ್ಟು ಒತ್ಬೇಡ."

ನಾನು ನಂಬಿದೆ. ರೊಟ್ಟಿ ತಟ್ಟುವಾಗಲೂ ಬೆರಳು ಹಗುರ ಮಾಡಿಕೊಳ್ಳಲು ನೋಡುತ್ತಿದ್ದೆ, ಪೆದ್ದಿ.

ಈ ವರ್ಷ ಹೋಂಸ್ಟೇ ನಡೆಸುವ ನಿರಂಜನ್ ತಮ್ಮ ಒಂದು ಜೀಪಿನ ಬಾನೆಟ್ಟನ್ನು ನನಗೇ ಒಪ್ಪಿಸಿದರು. ದುಬಾರೆಯಲ್ಲಿ ನೀರಿಗಿಳಿದ ಆನೆ. ಇದು ಚೆನ್ನಾಗಿ ಬಂದರೆ ಉಳಿದ ಮೂರು ಜೀಪೂ ನನಗೇ ಎಂದರು. ಇನ್ನೊಬ್ಬರ ಶೆಡ್ಡಿನ ಮೂಲೆ ಬಿಟ್ಟು ನನ್ನದೇ ಬೋರ್ಡು ಹಾಕಬಹುದು ಎಂದು ಆಸೆ ಹುಟ್ಟಿದ್ದೇ ಆಗ. ಆರು ದಿನ ಬರೆದೆ. ಸೊಂಡಿಲಿನ ಸುಕ್ಕು, ಕಿವಿಯ ಅಂಚಿನ ತಿಳಿಗೆಂಪು, ಎಲ್ಲ ಬಂತು. ಕಣ್ಣೊಂದು ಉಳಿದಿತ್ತು. ಕೂದಲೆಳೆಯಷ್ಟು ಗೆರೆ ಬೇಕು. ಉಸಿರು ಹಿಡಿದು ಗುಂಡಿ ಎಳೆದೆ. ಗನ್ ಕಪ್ಪು ಉಗುಳಿತು. ಬಣ್ಣ ಆನೆಯ ಮುಖದ ಮೇಲೆಲ್ಲ ಇಳಿಯಿತು.

ಮಾವ ಬಂದು ಒರೆಸಿ, ತಮ್ಮ ಗನ್ನಿನಿಂದ ಹತ್ತು ನಿಮಿಷದಲ್ಲಿ ಕಣ್ಣು ಬರೆದುಬಿಟ್ಟರು. ಇದನ್ನು ಕಂಡ ನಿರಂಜನ್ ಉಳಿದ ಮೂರು ಜೀಪನ್ನು ಅವರಿಗೇ ಕೊಟ್ಟರು. ನಾನು ಅವರ ಎರಡೂ ಕೈ ಹಿಡಿದು, "ನೀವಿಲ್ದಿದ್ರೆ ನನ್ನ ಮಾನ ಹೋಗ್ತಿತ್ತು ಮಾವ" ಎಂದೆ.

ಮರುವಾರ ಕೈಲ್ ಮುಹೂರ್ತ. ಮನೆಗಳಲ್ಲಿ ಕೋವಿ, ಕತ್ತಿಗಳಿಗೆ ಪೂಜೆ. ಮಾವನ ಶೆಡ್ಡಿನಲ್ಲಿ ನಮ್ಮ ಗನ್ನುಗಳಿಗೂ ಪೂಜೆ. ತೊಳೆದು, ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ದೀಪದ ಮುಂದೆ ಇಟ್ಟರೆ, ಪೂಜೆಯ ನಂತರ ಮಾವ ಅದನ್ನೆತ್ತಿ ಕೈಗೆ ಕೊಡುತ್ತಾರೆ. ಕಲಿಯುವ ನಾವು ಅವರ ಕಾಲು ಮುಟ್ಟಬೇಕು. ನನ್ನದನ್ನು ಹಿಂದಿನ ಸಂಜೆಯೇ ಇಟ್ಟು ಬಂದಿದ್ದೆ. ಕಸ ಗುಡಿಸಲು ಸಹಾಯವಾಗಲೆಂದು ಬೆಳಿಗ್ಗೆ ಬೇಗನೇ ಹೋದೆ.

ಮಾವ ಬಾಗಿಲಿಗೆ ಬೆನ್ನು ಹಾಕಿ ತಮ್ಮ ಗನ್ ತೊಳೆಯುತ್ತಿದ್ದರು. ಗನ್ನಿನೊಳಗಿನ ಸೂಜಿ ಹೊರಗೆಳೆದು, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಬಣ್ಣದ ಬಟ್ಟಲಿಗೆ ನಾಲ್ಕು ಹನಿ ಹಾಕಿ, ಸಣ್ಣ ಬ್ರಷ್ಷಿನಿಂದ ತಿಕ್ಕಿ, ಗಾಳಿ ಬಿಟ್ಟು ಊದಿದರು. ಮುಗಿಯಿತು. ಮುಳುಗಿಸಲೇ ಇಲ್ಲ. ಪಕ್ಕದಲ್ಲಿ ವಾಷರಿನ ದೊಡ್ಡ ಪೊಟ್ಟಣ, ಅರ್ಧ ಖಾಲಿ.

"ಇದರ ವಾಷರ್ ಯಾವಾಗ ಬದಲಿಸಿದ್ದು ಮಾವ?"

"ಇದರದ್ದಾ? ತಂದಾಗ ಇದ್ದದ್ದೇ. ಹನ್ನೊಂದು ವರ್ಷ ಆಯ್ತು" ಎಂದು ಹೆಮ್ಮೆಯಿಂದ ಹೇಳಿ ತಿರುಗಿದರು. ನನ್ನನ್ನು ಕಂಡು ಮುಖ ಬಿಳಿಚಿತು.

"ಥಿನ್ನರಲ್ಲಿ ಬಿದ್ರೆ ರಬ್ಬರ್ ಉಬ್ಬಿ ಹಾಳಾಗ್ತದೆ. ನಿಮ್ಗೆ ಗೊತ್ತಿತ್ತು."

ಅವರು ಬಟ್ಟೆ ಮಡಚಿಟ್ಟರು. "ನನ್ಗೂ ಯಾರು ಎಲ್ಲ ಹೇಳಿಕೊಟ್ರು? ಹಾಳು ಮಾಡಿಯೇ ಕಲ್ತದ್ದು. ಇರೋದೇ ನಾಲ್ಕು ಜೀಪು. ನೀನೂ ಪೂರ್ತಿ ಕಲ್ತ್ರೆ ನಾನೆಂತ ಮಾಡ್ಲಿ ಹೇಳು?"

"ನಿಮ್ಗೆ ಯಾರೂ ಹೇಳ್ಲಿಲ್ಲ. ನನ್ಗೆ ನೀವು ಸುಳ್ಳು ಹೇಳಿದ್ರಿ. ಎರಡೂ ಒಂದೇನಾ?"

ಅವರು ಪೊಟ್ಟಣವನ್ನು ನನ್ನ ಕಡೆಗೆ ತಳ್ಳಿದರು. ಇಡೀ ಪೊಟ್ಟಣ! ನನಗಾಗಿಯೇ ತರಿಸಿಟ್ಟಿದ್ದು. ಅದರಿಂದ ಒಂದೇ ಒಂದು ವಾಷರ್ ತೆಗೆದುಕೊಂಡೆ.

"ಇನ್ನು ಇಷ್ಟೇ ಸಾಕು" ಎಂದೆ.

ದೀಪದ ಮುಂದಿದ್ದ ನನ್ನ ಗನ್ನನ್ನು ನಾನೇ ಎತ್ತಿಕೊಂಡೆ. ಕಾಲು ಮುಟ್ಟಲಿಲ್ಲ.

ಮನೆಗೆ ಬಂದು ವಾಷರ್ ಹಾಕಿದೆ. ಪೇಪರ್ ಹರಡಿ, ಕಪ್ಪು ಬಣ್ಣ ತುಂಬಿ, ಆನೆಯ ಕಣ್ಣನ್ನು ಬರೆದೆ. ಕೂದಲೆಳೆಯಂಥ ಗೆರೆ ಒಂದೇ ಉಸಿರಿಗೆ ಬಂತು. ಇನ್ನೊಂದು ಬರೆದೆ, ಮತ್ತೊಂದು ಬರೆದೆ. ಆಮೇಲೆ ಅವರು ತೊಳೆದ ಹಾಗೆಯೇ ಸೂಜಿ ಒರೆಸಿ, ಬಟ್ಟಲು ತಿಕ್ಕಿ, ಊದಿ ಇಟ್ಟೆ. ಇಪ್ಪತ್ತು ದಿನವಾಯಿತು, ಒಂದು ಹನಿಯೂ ಸೋರಿಲ್ಲ. ನನ್ನ ಕೈ ಭಾರವಾಗಿರಲಿಲ್ಲ. ಎರಡು ವರ್ಷ ಈ ಕೈಯನ್ನೇ ಬೈದುಕೊಂಡಿದ್ದೆನಲ್ಲ ಎಂದು ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ.